ಐರ್ಲೆಂಡಿನ ಟೋಪಿ ಅಜ್ಜ ಜಾಕಿ ಹೀಲಿ-ರೇ: ಒಬ್ಬ ಪಕ್ಷೇತರ ಸರ್ಕಾರವನ್ನೇ ಬಗ್ಗಿಸಿದ್ದು ಹೇಗೆ?

ಸಂಕದಾಚೆ (ಶಿರಸಿ)

ನಮಸ್ಕಾರ ಎಲ್ಲರಿಗೂ. ಸ್ವಲ್ಪ ವಿಚಿತ್ರ ಪ್ರಶ್ನೆ, ನಗಬೇಡಿ.

ನನ್ನ ತಂಗಿ ಎರಡು ವರ್ಷದಿಂದ ಐರ್ಲೆಂಡಿನಲ್ಲಿ ನರ್ಸ್. ಅವಳಿರುವುದು ಕೆರ್ರಿ ಅಂತ ಒಂದು ಕೌಂಟಿ, ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಗುಡ್ಡ, ಸಮುದ್ರ, ಮಳೆ, ದನ, ಟೂರಿಸ್ಟು. ನಮ್ಮಲ್ಲಿರುವುದೆಲ್ಲ ಅಲ್ಲೂ ಇದೆ, ಅಡಿಕೆ ಒಂದು ಇಲ್ಲ ಅಷ್ಟೇ. ಕಳೆದ ಭಾನುವಾರ ಫೋನಿನಲ್ಲಿ ನಮ್ಮ ಹಳ್ಳದ ಸಂಕದ ಗೋಳು ಹೇಳಿಕೊಳ್ಳುತ್ತಿದ್ದೆ. ನಮ್ಮ ಕೇರಿಗೆ ಏಳು ಮನೆ. ಮಳೆಗಾಲ ಶುರುವಾಗುವ ಮೊದಲು ಎರಡು ಅಡಿಕೆ ಮರ ಕಡಿದು ಹಳ್ಳಕ್ಕೆ ಅಡ್ಡ ಹಾಕಿ, ಹಿಡಿದುಕೊಳ್ಳಲು ಬಿದಿರು ಕಟ್ಟಿ ಸಂಕ ಮಾಡಿಕೊಳ್ಳುತ್ತೇವೆ. ಆಷಾಢದಲ್ಲಿ ಒಂದು ರಾತ್ರಿ ಹೊಡೆದ ಮಳೆಗೆ ಅದು ಹೋಗುತ್ತದೆ. ಅಲ್ಲಿಂದ ಮೂರು ದಿನ ಹಾಲು ಡೇರಿಗೆ ಹೋಗಲ್ಲ, ಮಕ್ಕಳು ಶಾಲೆಗೆ ಹೋಗಲ್ಲ, ಅಮ್ಮನ ಬಿಪಿ ಮಾತ್ರೆ ಆಚೆ ದಡದ ಅಂಗಡಿಯಲ್ಲೇ ಇರುತ್ತದೆ. ಹನ್ನೊಂದು ವರ್ಷದಿಂದ ಅರ್ಜಿ ಕೊಡುತ್ತಿದ್ದೇವೆ. ಬಂದವರೆಲ್ಲ ಹಳ್ಳ ನೋಡಿ, ಕಷಾಯ ಕುಡಿದು, ಫೋಟೋ ತೆಗೆಸಿಕೊಂಡು ಹೋದರು.

ಅದಕ್ಕೆ ತಂಗಿ ಅಂದಳು, 'ಅಣ್ಣಾ, ನಿಂಗೆ ಜಾಕಿ ಹೀಲಿ-ರೇ ಬೇಕಿತ್ತು ನೋಡು.' ಯಾರವನು ಅಂದರೆ, ಇಲ್ಲಿನ ಹಳೇ ಪುಢಾರಿ, ತೀರಿಕೊಂಡು ಎಷ್ಟೋ ವರ್ಷ ಆಯ್ತು, ಆದರೂ ವಾರ್ಡಿನಲ್ಲಿರುವ ಅಜ್ಜ ಅಜ್ಜಿಯರು ಅವನ ಮಾತೇ ಆಡುತ್ತಾರೆ ಅಂದಳು. ತಲೆ ಮೇಲೆ ಯಾವಾಗಲೂ ಚೌಕಳಿ ಟೋಪಿ. ಪಕ್ಷ ಟಿಕೆಟ್ ಕೊಡಲಿಲ್ಲ ಅಂತ ಪಕ್ಷೇತರನಾಗಿ ನಿಂತು ಗೆದ್ದು, ಆಮೇಲೆ ಅದೇ ಪಕ್ಷದ ಪ್ರಧಾನಿಯ ಹತ್ತಿರ ಊರಿನ ರಸ್ತೆಗಳನ್ನೆಲ್ಲ ಬರೆಸಿಕೊಂಡನಂತೆ. ಈಗ ಮಕ್ಕಳಿಬ್ಬರು ಸಂಸತ್ತಿನಲ್ಲಿ, ಮೊಮ್ಮಕ್ಕಳು ಕೌನ್ಸಿಲಿನಲ್ಲಿ.

ನಮ್ಮಲ್ಲಿ ರಾಜಕಾರಣಿ ಟೋಪಿ ಅಂದರೆ ಬೇರೆಯೇ ಅರ್ಥ, ಅದು ಬಿಡಿ. ನನ್ನ ಪ್ರಶ್ನೆ ಇಷ್ಟೇ. ಒಬ್ಬ ಹಳ್ಳಿಯವನು, ಒಂದೇ ಒಂದು ವೋಟು ಕೈಲಿಟ್ಟುಕೊಂಡು, ಇಷ್ಟೆಲ್ಲ ಮಾಡಲು ಅಲ್ಲಿ ಹೇಗೆ ಸಾಧ್ಯವಾಯಿತು? ಅದು ಮನುಷ್ಯನ ಗುಣವೋ, ಅಲ್ಲಿನ ಚುನಾವಣೆಯ ರೀತಿಯೋ? ನಮ್ಮ ಉತ್ತರ ಕನ್ನಡದಲ್ಲಿ ಅಂಥವನೊಬ್ಬ ಹುಟ್ಟಿದರೆ ನಡೆಯುತ್ತಿತ್ತಾ? ಗೊತ್ತಿದ್ದವರು ಹೇಳಿ.

ಕಿಲಾರ್ನಿಯ ಕುಮಟೆಯವ

ಅಯ್ಯೋ ಮಾರಾಯ್ರೆ, ಇಲ್ಲಿ ಹೀಲಿ-ರೇ ಹೆಸರು ನೋಡುತ್ತೇನೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ನಾನು ಕುಮಟಾ ಕಡೆಯವ, ಆರು ವರ್ಷದಿಂದ ಇದೇ ಕೆರ್ರಿಯ ಕಿಲಾರ್ನಿ ಪೇಟೆಯಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದೇನೆ. ಜಾಕಿಯನ್ನು ನಾನು ನೋಡಿಲ್ಲ, ನಾನು ಬರುವಷ್ಟರಲ್ಲಿ ತೀರಿಕೊಂಡಾಗಿತ್ತು. ಆದರೆ ಆ ಕುಟುಂಬದ ಸುದ್ದಿ ಇಲ್ಲದೆ ಇಲ್ಲಿ ಒಂದು ದಿನ ಕಳೆಯುವುದಿಲ್ಲ.

ಮೊದಲು ಮನುಷ್ಯ. ಹುಟ್ಟಿದ್ದು 1931ರಲ್ಲಿ, ಕಿಲ್ಗಾರ್ವನ್ ಅಂತ ಸಣ್ಣ ಊರು, ಕೆನ್ಮೇರ್ ಪಕ್ಕ. ಬೇಸಾಯ ಇತ್ತು, ಪಬ್ ಇತ್ತು, ಮಣ್ಣು ತೆಗೆಯುವ ಯಂತ್ರಗಳ ಗುತ್ತಿಗೆ ಇತ್ತು. ಹರೆಯದಲ್ಲಿ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಊದುತ್ತಿದ್ದನಂತೆ. 'ಹೀಲಿ-ರೇ' ಅನ್ನುವ ಹೆಸರು ಕೇಳಿದರೆ ಯಾವುದೋ ಜಮೀನ್ದಾರರ ಮನೆತನ ಅನಿಸುತ್ತದೆ, ಹಾಗೇನೂ ಇಲ್ಲ. ಆ ಕಡೆ ಹೀಲಿಗಳು ಜಾಸ್ತಿ, ಹಾಗಾಗಿ ಇವರದು ಯಾವ ಜಾಗದ ಹೀಲಿ ಅಂತ ಗುರುತಿಸಲು ಆ ಜಾಗದ ಹೆಸರಿನ ತುಂಡು ಅಂಟಿಸಿದ್ದು. ಶಿರಸಿಯಲ್ಲಿ ಹೆಗಡೆ ಅಂದರೆ ಯಾವ ಊರ ಹೆಗಡೆ ಅಂತ ಕೇಳ್ತೀವಲ್ಲ, ಹಾಗೆ.

1973ರಿಂದ ಕೆರ್ರಿ ಕೌಂಟಿ ಕೌನ್ಸಿಲಿನಲ್ಲಿ ಇದ್ದವ. ಫಿಯನ್ನಾ ಫಾಲ್ ಅಂತ ದೊಡ್ಡ ಪಕ್ಷ, ಅದಕ್ಕೆ ದಶಕಗಟ್ಟಲೆ ಬೇರೆಯವರ ಚುನಾವಣೆ ಮಾಡಿಸಿಕೊಟ್ಟವ. ಯಾವ ಕೇರಿಯಲ್ಲಿ ಯಾರು ಯಾರಿಗೆ ಹಾಕುತ್ತಾರೆ, ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಎಲ್ಲ ತಲೆಯಲ್ಲೇ. 1997ರಲ್ಲಿ ತನಗೇ ಟಿಕೆಟ್ ಕೇಳಿದರೆ ಪಕ್ಷ ಕೊಡಲಿಲ್ಲ. ಆಗ ವಯಸ್ಸು 66. ಬೇರೆಯವರಾಗಿದ್ದರೆ ಮನೆಯಲ್ಲಿ ಕೂತು ಬೈಯುತ್ತಿದ್ದರು. ಇವನು ಸೌತ್ ಕೆರ್ರಿಯಲ್ಲಿ ಪಕ್ಷೇತರನಾಗಿ ನಿಂತು ಗೆದ್ದ. 2011ರವರೆಗೆ ಸೋಲಲೇ ಇಲ್ಲ. 2014ರ ಡಿಸೆಂಬರಿನಲ್ಲಿ ತೀರಿಕೊಂಡ.

ಅವನದೊಂದು ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ತಾನು ಸಾಮಾನ್ಯ ಜನರ ಪ್ರತಿನಿಧಿ ಅಂದಾಗ, ಸಾಮಾನ್ಯ ಜನ ಅಂದರೆ ಯಾರು ಅಂತ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಡಿನ್ನರ್ ಉಣ್ಣುವವರು ಅಂದನಂತೆ. ನಮಗೆ ಇದರಲ್ಲಿ ಏನು ವಿಶೇಷ ಅನಿಸಬಹುದು, ನಾವೆಲ್ಲ ಮಧ್ಯಾಹ್ನವೇ ಅಲ್ವಾ ದೊಡ್ಡ ಊಟ ಮಾಡೋದು. ಇಲ್ಲಿ ಹಾಗಲ್ಲ. ಪೇಟೆಯ ಆಫೀಸಿನವರು ಮಧ್ಯಾಹ್ನ ಎರಡು ಬ್ರೆಡ್ಡು ತಿಂದು, ಬಿಸಿ ಊಟ ರಾತ್ರಿಗೆ ಇಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಎದ್ದು ಹಾಲು ಕರೆದು ಗದ್ದೆಗೆ ಹೋದವನಿಗೆ ಮಧ್ಯಾಹ್ನವೇ ಆಲೂಗಡ್ಡೆ, ಮಾಂಸ ಎಲ್ಲ ಬೇಕು. ಒಂದೇ ಮಾತಿನಲ್ಲಿ ಊರವರು ಯಾರು, ಪೇಟೆಯವರು ಯಾರು ಅಂತ ಗೆರೆ ಎಳೆದುಬಿಟ್ಟ. ನಮ್ಮ ಕಡೆ ಗಂಜಿ ಉಂಡು ಗದ್ದೆಗೆ ಹೋಗುವವರು ಅಂದ ಹಾಗೆ.

ಇನ್ನೊಂದು, ಸಾವು. ನಮ್ಮ ಅಡುಗೆಮನೆಯಲ್ಲಿ ದಿನವಿಡೀ ರೇಡಿಯೋ ಕೆರ್ರಿ ಹಾಡುತ್ತಿರುತ್ತದೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಆದರೆ ತೀರಿಕೊಂಡವರ ಹೆಸರು ಓದುವ ಹೊತ್ತು ಬಂತೋ, ಪಾತ್ರೆ ತೊಳೆಯುವ ಹೆಂಗಸು ನಲ್ಲಿ ನಿಲ್ಲಿಸುತ್ತಾಳೆ, ದೊಡ್ಡ ಶೆಫ್ ಚಾಕು ಕೆಳಗಿಡುತ್ತಾನೆ. ಇಂಥ ಊರಿನ ಇಂಥವರು, ಇಂಥ ಚರ್ಚಿನಲ್ಲಿ, ಇಷ್ಟು ಗಂಟೆಗೆ. ಮೊದಲ ವರ್ಷ ನನಗೆ ಇದು ಒಂಥರಾ ಆಗುತ್ತಿತ್ತು, ಈಗ ನಾನೂ ಸೌಟು ಹಿಡಿದು ನಿಲ್ಲುತ್ತೇನೆ. ಯಾರೇ ಸತ್ತರೂ ಸುತ್ತಲಿನ ನೂರಾರು ಜನ ಸಾಲಿನಲ್ಲಿ ನಿಂತು ಮನೆಯವರ ಕೈ ಕುಲುಕಿ ಬರುತ್ತಾರೆ. ಹಳ್ಳಿ ಕಡೆಯ ರಾಜಕಾರಣಿ ಆ ಸಾಲಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಮನೆಯವರು ಹತ್ತು ವರ್ಷ ಮರೆಯುವುದಿಲ್ಲ.

ಇನ್ನೊಂದು ಖುಷಿಯ ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಸ್ಥಳೀಯ ಚುನಾವಣೆಗೆ ಪೌರತ್ವ ಬೇಡ, ಇಲ್ಲಿ ವಾಸವಿದ್ದರೆ ಸಾಕು. 2024ರ ಜೂನ್ 7ಕ್ಕೆ ನಾನೂ ವೋಟು ಹಾಕಿದೆ. ಬಟನ್ ಇಲ್ಲ, ಶಾಯಿ ಇಲ್ಲ. ಮರದ ಗೂಡಿನೊಳಗೆ ದಾರ ಕಟ್ಟಿದ ಒಂದು ಪೆನ್ಸಿಲ್. ಉದ್ದದ ಕಾಗದದಲ್ಲಿ ಎಲ್ಲರ ಫೋಟೋ. ನಿಮಗೆ ಬೇಕಾದವರ ಎದುರು 1, ಆಮೇಲೆ 2, 3 ಅಂತ ಬರೆಯುತ್ತಾ ಹೋಗುವುದು. ಕೈ ನಡುಗಿತು, ಸುಳ್ಳು ಯಾಕೆ ಹೇಳಲಿ. ಊರಲ್ಲಿ ಹಾಕುವಾಗಲೂ ಇಷ್ಟು ನಡುಗಿರಲಿಲ್ಲ.

ಆ 1, 2, 3ರಲ್ಲೇ ಇದೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ. ಲೆಕ್ಕ ಬಲ್ಲವರು ಯಾರಾದರೂ ಬಿಡಿಸಿ ಹೇಳಿ, ನನಗೆ ಶಿಫ್ಟ್ ಇದೆ.

ಲೆಕ್ಕದ ಮಾಸ್ತರು (ಹೊನ್ನಾವರ)

ನಿವೃತ್ತ ಮಾಸ್ತರನಿಗೆ ಬೋರ್ಡು ಸಿಕ್ಕಿದರೆ ಬಿಡುತ್ತಾನಾ. ಹೇಳುತ್ತೇನೆ.

ನಮ್ಮಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬನೇ. ಉಳಿದವರಿಗಿಂತ ಒಂದು ವೋಟು ಜಾಸ್ತಿ ಬಂದರೆ ಮುಗಿಯಿತು. ಐರ್ಲೆಂಡಿನಲ್ಲಿ ಒಂದು ಕ್ಷೇತ್ರಕ್ಕೆ 3, 4 ಅಥವಾ 5 ಜನ. ಸೌತ್ ಕೆರ್ರಿ ಆಗ 3 ಸೀಟಿನ ಕ್ಷೇತ್ರ. 2016ರಿಂದ ಇಡೀ ಕೆರ್ರಿ ಸೇರಿ ಒಂದೇ, 5 ಸೀಟು. ಗೆಲ್ಲಲು ಎಷ್ಟು ಬೇಕು? ಒಟ್ಟು ಸಿಂಧು ಮತವನ್ನು ಸೀಟಿಗಿಂತ ಒಂದು ಜಾಸ್ತಿ ಸಂಖ್ಯೆಯಿಂದ ಭಾಗಿಸಿ, ಒಂದು ಕೂಡಿಸಿ. 1200 ವೋಟು, 5 ಸೀಟು ಅಂದುಕೊಳ್ಳಿ. 1200 ಭಾಗಿಸು 6, ಅಂದರೆ 200. ಒಂದು ಕೂಡಿಸಿದರೆ 201. ಇಷ್ಟು ಮುಟ್ಟಿದವ ಗೆದ್ದ. 3 ಸೀಟಾದರೆ ಕಾಲು ಭಾಗದಷ್ಟು ಜನ ಜೊತೆಗಿದ್ದರೆ ಸಾಕು.

ಈಗ ಒಬ್ಬನಿಗೆ 300 ಬಂತು. 201 ಅವನಿಗೆ ಸಾಕು, ಉಳಿದ 99 ದಂಡವಲ್ಲ. ಅವನ ವೋಟರುಗಳು ಎರಡನೆಯದಾಗಿ ಯಾರನ್ನು ಬರೆದಿದ್ದಾರೆ ನೋಡಿ ಆ ಪ್ರಮಾಣದಲ್ಲಿ ಹಂಚುತ್ತಾರೆ. ಕೆಳಗಿನಿಂದ ಕಡಿಮೆ ಬಂದವನನ್ನು ತೆಗೆದು ಅವನ ಕಾಗದಗಳನ್ನೂ ಹಾಗೇ ಹಂಚುತ್ತಾರೆ. ಹೀಗೆ ಸುತ್ತು ಸುತ್ತು. ಎಣಿಕೆ ಎರಡು ಮೂರು ದಿನ ನಡೆಯುವುದೂ ಉಂಟು.

ಇದರಿಂದ ಎರಡು ಪರಿಣಾಮ. ಒಂದು, ಪಕ್ಷ ಬಿಟ್ಟವನು ಮುಳುಗಿ ಹೋಗುವುದಿಲ್ಲ. ಪಕ್ಷದ ಕಟ್ಟಾ ಅಭಿಮಾನಿಯೂ 'ಒಂದನೆಯದು ಪಕ್ಷಕ್ಕೆ, ಎರಡನೆಯದು ನಮ್ಮ ಜಾಕಿಗೆ' ಅಂತ ಬರೆಯಬಹುದು. ನಮ್ಮಲ್ಲಿ ಪಕ್ಷೇತರನಿಗೆ ಹಾಕಿದರೆ ವೋಟು ಹಾಳು ಅನ್ನುವ ಹೆದರಿಕೆ ಇದೆಯಲ್ಲ, ಅದು ಅಲ್ಲಿ ಇಲ್ಲ. ಇನ್ನೊಂದು, ಒಂದೇ ಪಕ್ಷದ ಇಬ್ಬರು ಒಂದೇ ಕ್ಷೇತ್ರದಲ್ಲಿ ನಿಂತಿರುತ್ತಾರೆ, ಹಾಗಾಗಿ ಸ್ವಂತ ಪಕ್ಷದವನೇ ಎದುರಾಳಿ. ಸಿದ್ಧಾಂತದಲ್ಲಿ ಇಬ್ಬರಿಗೂ ವ್ಯತ್ಯಾಸ ಇಲ್ಲವಾದರೆ ಪೈಪೋಟಿ ಯಾವುದರಲ್ಲಿ? ಯಾರು ಫೋನ್ ಬೇಗ ಎತ್ತುತ್ತಾರೆ, ಯಾರು ಸಾವಿನ ಮನೆಗೆ ಮೊದಲು ಬಂದರು, ಯಾರು ರಸ್ತೆ ಗುಂಡಿ ಮುಚ್ಚಿಸಿದರು ಅನ್ನುವುದರಲ್ಲಿ. ಕುಮಟೆಯವರು ಹೇಳಿದ ಸಾವಿನ ಮನೆಯ ಸಾಲು ಆ ಪೈಪೋಟಿಯದೇ ಒಂದು ಭಾಗ.

ಈ ಲೆಕ್ಕವನ್ನು ಪೂರ್ತಿ ಅರೆದು ಕುಡಿದವರು ಅಂದರೆ ಅದೇ ಮನೆಯವರು. ಅಪ್ಪನ ಜಾಗಕ್ಕೆ 2011ರಲ್ಲಿ ಮಗ ಮೈಕಲ್ ಗೆದ್ದ. 2016ರಲ್ಲಿ ಅಣ್ಣ ಡ್ಯಾನಿಯೂ ಕೊನೇ ಹೊತ್ತಿಗೆ ಕಣಕ್ಕೆ ಇಳಿದ. ಮೈಕಲ್‌ಗೆ ಬಂದ ಮೊದಲ ಪ್ರಾಶಸ್ತ್ಯದ ಮತ 20,378. ಅವನಿಗೆ ಅಷ್ಟು ಬೇಕಿರಲಿಲ್ಲ, ಮಿಕ್ಕಿದ್ದರಲ್ಲಿ ದೊಡ್ಡ ಪಾಲು ಅಣ್ಣನಿಗೆ ಹರಿಯಿತು. ಇಬ್ಬರೂ ಒಳಗೆ. ಒಂದು ಗದ್ದೆ ತುಂಬಿ ಕೆಳಗಿನ ಗದ್ದೆಗೆ ನೀರು ಬಿಟ್ಟ ಹಾಗೆ.

ಇನ್ನು ಸರ್ಕಾರ ಬಗ್ಗಿದ್ದು. 1997ರಲ್ಲಿ ಅವರ ಕೆಳಮನೆಯಲ್ಲಿ 166 ಸೀಟು. ಫಿಯನ್ನಾ ಫಾಲ್‌ಗೆ 77, ಜೊತೆಗಿದ್ದ ಸಣ್ಣ ಪಕ್ಷಕ್ಕೆ 4. ಒಟ್ಟು 81. ಬಹುಮತಕ್ಕೆ 84 ಬೇಕು. ಅಂದರೆ ಮೂರು ಕಡಿಮೆ. ಪ್ರಧಾನಿಯಾಗಬೇಕಿದ್ದ ಬರ್ಟಿ ಅಹರ್ನ್ ಪಕ್ಷೇತರರ ಬಾಗಿಲಿಗೆ ಬಂದರು, ಅವರಲ್ಲಿ ಒಬ್ಬ ಟಿಕೆಟ್ ಸಿಗದ ಇದೇ ಜಾಕಿ. ಐದು ವರ್ಷ ಆ ಸರ್ಕಾರ ನಡೆಯಿತು. ಪ್ರತಿ ಮುಖ್ಯ ಮತದಾನಕ್ಕೂ ಮುಂಚೆ ಸೌತ್ ಕೆರ್ರಿಯ ರಸ್ತೆ ನೆನಪಾಗುತ್ತಿತ್ತು ಅಂತ ಇಟ್ಟುಕೊಳ್ಳಿ. 2007ರಲ್ಲೂ ಅದೇ ಅಹರ್ನ್, ಮತ್ತೆ ಜಾಕಿಯ ಜೊತೆ ಒಪ್ಪಂದ.

ನಮಗೆ ಇದು ಹೊಸದೇನಲ್ಲ. 2008ರಲ್ಲಿ ಬೆಂಗಳೂರಿನಲ್ಲಿ ಏನಾಯಿತು? ಬಿಜೆಪಿಗೆ 110, ಬೇಕಿದ್ದದ್ದು 113. ಪಕ್ಷೇತರರು ಬಂದರು, ಅವರಲ್ಲಿ ಐವರು ಸೀದಾ ಮಂತ್ರಿಗಳಾದರು. ಜಾಕಿ ಮಂತ್ರಿಗಿರಿ ತೆಗೆದುಕೊಳ್ಳಲಿಲ್ಲ, ಊರಿನ ಕೆಲಸಗಳ ಪಟ್ಟಿ ಕೊಟ್ಟ. ನನಗೆ ಆ ಮನುಷ್ಯ ಇಷ್ಟವಾಗುವುದು ಅಲ್ಲೇ.

ಕೊನೆಗೊಂದು ಭಾಗಾಕಾರ. ಅವರ ಸಂವಿಧಾನದ ಪ್ರಕಾರ 20 ಸಾವಿರದಿಂದ 30 ಸಾವಿರ ಜನಕ್ಕೆ ಒಬ್ಬ ಸಂಸದ. ಕೆರ್ರಿಯಲ್ಲಿ 2022ರ ಗಣತಿಗೆ ಸುಮಾರು 1.56 ಲಕ್ಷ ಜನ, 5 ಸಂಸದರು. ನಮ್ಮ ಜಿಲ್ಲೆಯಲ್ಲಿ 2011ರ ಗಣತಿಗೇ 14 ಲಕ್ಷ ದಾಟಿತ್ತು. ಶಾಸಕರು 6 ಜನ. ಒಬ್ಬರಿಗೆ 2.4 ಲಕ್ಷ. ನಮ್ಮ ಶಾಸಕರು ಎಲ್ಲ ಸಾವಿನ ಮನೆಗೂ ಹೋಗಬೇಕೆಂದರೆ ಉಳಿದ ಕೆಲಸ ಬಿಟ್ಟು ಅದೊಂದೇ ಮಾಡಬೇಕು.

ಬೈತಖೋಲ್ ಬಂದರು (ಕಾರವಾರ)

ಎಲ್ಲರೂ ಸೇರಿ ಅಜ್ಜನಿಗೆ ಮಂಗಳಾರತಿ ಎತ್ತುತ್ತಾ ಇದ್ದೀರಿ, ಇರಲಿ, ನಾನೊಂದು ಸ್ವಲ್ಪ ಉಪ್ಪು ಹಾಕುತ್ತೇನೆ.

ನಾನು ಹಡಗಿನಲ್ಲಿದ್ದಾಗ ಐರಿಶ್ ಇಂಜಿನಿಯರ್ ಒಬ್ಬ ಜೊತೆಗಿದ್ದ, ಡಬ್ಲಿನ್ನಿನವ. ಹೀಲಿ-ರೇ ಹೆಸರೆತ್ತಿದರೆ ಸಾಕು, ಕೆಂಡ ಆಗುತ್ತಿದ್ದ. ಅವನ ಮಾತು ಇಷ್ಟೇ: ತೆರಿಗೆ ಕಟ್ಟೋದು ನಾವೆಲ್ಲ, ರಸ್ತೆ ಆಗೋದು ಅವನೂರಿಗೆ. ಯಾವ ರಸ್ತೆ ಹಾಳಾಗಿದೆ ಅಂತ ನೋಡಿ ಮಾಡಬೇಕೋ, ಯಾರ ವೋಟು ಬೇಕಾಗಿದೆ ಅಂತ ನೋಡಿ ಮಾಡಬೇಕೋ? ಪಕ್ಕದ ಕೌಂಟಿಯಲ್ಲಿ ಹುಟ್ಟಿದವನು ಏನು ಪಾಪ ಮಾಡಿದ್ದ? ಡಬ್ಲಿನ್ನಿನವ ಹೇಳಿದ್ದಕ್ಕೆ ಸ್ವಲ್ಪ ಪೇಟೆ ಸೊಕ್ಕು ಕಳೆಯಿರಿ, ಆದರೂ ಮಾತಿನಲ್ಲಿ ತೂಕ ಇದೆ ಅಲ್ವಾ.

ಜೊತೆಗೆ ಇದನ್ನೂ ನೋಡಿ. 2008ರಲ್ಲಿ ಅಲ್ಲಿನ ಬ್ಯಾಂಕುಗಳು ಮಲಗಿದವು. 2010ರ ಕೊನೆಗೆ ದೇಶವೇ ಯುರೋಪು, ಐಎಂಎಫ್ ಮುಂದೆ ಕೈ ಚಾಚಿತು, 85 ಬಿಲಿಯನ್ ಯೂರೋ ಲೆಕ್ಕದ ಪ್ಯಾಕೇಜು. ಸಂಬಳ ಕಡಿತ, ಪಿಂಚಣಿ ಕಡಿತ, ಹುಡುಗರು ಆಸ್ಟ್ರೇಲಿಯಾ, ಕೆನಡಾ ವಿಮಾನ ಹತ್ತಿದರು. ಆ ಕಷ್ಟದ ಬಜೆಟ್ಟಿಗೂ ಜಾಕಿ ಕೈ ಎತ್ತಿದ. ಊರಿನ ರಸ್ತೆ ನುಣ್ಣಗಾಯ್ತು, ಅದರ ಮೇಲೆ ಊರಿನ ಹುಡುಗರು ಏರ್‌ಪೋರ್ಟಿಗೆ ಹೋದರು. ಇದು ನನ್ನ ಮಾತಲ್ಲ, ಆ ಇಂಜಿನಿಯರನದು, ನಾನು ಮರೆತಿಲ್ಲ.

ಮಕ್ಕಳ ಕಥೆಯೂ ಒಂದಿಷ್ಟು. 2007ರಲ್ಲಿ ಮೈಕಲ್ ಒಂದು ಟಿವಿ ರಿಯಾಲಿಟಿ ಶೋದಲ್ಲಿ ಇದ್ದ, ಜನ ಫೋನ್ ಮಾಡಿ ಗೆಲ್ಲಿಸುವಂಥದ್ದು. ಗೆದ್ದ. ಆಮೇಲೆ ನೋಡಿದರೆ ಸಂಸತ್ ಭವನದ ಫೋನಿನಿಂದಲೇ ಆ ನಂಬರಿಗೆ 3,600ಕ್ಕೂ ಹೆಚ್ಚು ಕರೆ ಹೋಗಿತ್ತು. ತನಗೇನೂ ಗೊತ್ತಿಲ್ಲ ಅಂದ, 2011ರಲ್ಲಿ ಸುದ್ದಿ ದೊಡ್ಡದಾದಾಗ ದುಡ್ಡು ಕಟ್ಟಿದ. 2013ರಲ್ಲಿ ಡ್ಯಾನಿ ಕೌಂಟಿ ಕೌನ್ಸಿಲಿನಲ್ಲಿ ಠರಾವು ತಂದ. ದೂರದ ಹಳ್ಳಿಯ ಒಂಟಿ ಮುದುಕರು ಎರಡು ಗ್ಲಾಸು ಕುಡಿದು ನಿಧಾನಕ್ಕೆ ಗಾಡಿ ಓಡಿಸಿಕೊಂಡು ಮನೆಗೆ ಹೋಗಲು ವಿಶೇಷ ಪರ್ಮಿಟ್ ಕೊಡಬೇಕಂತೆ! ಕಾರಣ, ಪಬ್ಬಿಗೆ ಬರಲಾಗದೆ ಮನೆಯಲ್ಲೇ ಕೂತು ಕೊರಗುತ್ತಾರೆ. ಪರವಾಗಿ 5, ವಿರುದ್ಧ 3 ಮತ ಬಿದ್ದು ಠರಾವು ಪಾಸಾಯ್ತು, ಆದರೆ ಸರ್ಕಾರದ ಮಂತ್ರಿ ಇದು ಸಾಧ್ಯವಿಲ್ಲ ಅಂದರು. ಹೇಳೋದು ಮರೆತೆ, ಡ್ಯಾನಿಗೆ ಸ್ವಂತ ಪಬ್ ಇದೆ. 2016ರಲ್ಲಿ ಅದೇ ಡ್ಯಾನಿ ಸಂಸತ್ತಿನಲ್ಲಿ ನಿಂತು ಹವಾಮಾನ ನೋಡಿಕೊಳ್ಳೋದು ಮೇಲಿರುವ ದೇವರು ಅಂದ. ಮಳೆ, ಬಿಸಿಲು ಎಲ್ಲ ಅವನ ಕೈಲಿ, ನಾವು ಏನು ಮಾಡೋಣ ಅನ್ನುವ ಧಾಟಿ. ಮೈಕಲ್ ಬಡವ ಅಂತ ಅಂದುಕೊಳ್ಳಬೇಡಿ. ಸಂಸದರು ಕೊಡುವ ಆಸ್ತಿ ವಿವರದಲ್ಲಿ ಅವನ ಮನೆಗಳ ಪಟ್ಟಿಯೇ ಉದ್ದುದ್ದ.

ಹಾಗಾದರೆ ಜನ ಯಾಕೆ ಹಾಕುತ್ತಾರೆ ಅಂದರೆ, ಪೇಟೆಯವರು ನಗುತ್ತಾರಲ್ಲ, ಅದಕ್ಕೇ ಹಾಕುತ್ತಾರೆ. ಟೋಪಿ ನೋಡಿ ಒಬ್ಬ ನಕ್ಕರೆ ಹಳ್ಳಿಯ ಹತ್ತು ವೋಟು ಗಟ್ಟಿಯಾಗುತ್ತದೆ. ನಮ್ಮ ಕಡೆಯ ಮಾತಿನ ಧಾಟಿ ಅಣಕಿಸಿದಾಗ ನಮಗೆ ಆಗುವುದಿಲ್ವಾ ಉರಿ, ಹಾಗೆ.

ಕಿಲಾರ್ನಿಯ ಕುಮಟೆಯವ

ಬಂದರಿನವರೇ, ನೀವು ಹೇಳಿದ್ದು ಯಾವುದೂ ಸುಳ್ಳಲ್ಲ. ನಮ್ಮ ಹೋಟೆಲಿನಲ್ಲೂ ಅರ್ಧ ಜನ ಅವರನ್ನು ಬೈಯುವವರೇ. ಆದರೆ ಪರ್ಮಿಟ್ ವಿಷಯದಲ್ಲಿ ಒಂದು ಮಾತು. ಪರ್ಮಿಟ್ ಕೇಳಿದ್ದು ತಪ್ಪೇ. ಆದರೆ ಆ ಒಂಟಿತನ ಸುಳ್ಳಲ್ಲ. ಚಳಿಗಾಲದಲ್ಲಿ ನಾಲ್ಕೂವರೆಗೆ ಕತ್ತಲು, ಮನೆಯಿಂದ ಮನೆಗೆ ಒಂದು ಮೈಲಿ, ಬಸ್ಸಿಲ್ಲ, ಮಕ್ಕಳೆಲ್ಲ ಹೊರದೇಶ. ನಮ್ಮ ಶಿರಸಿ, ಸಿದ್ದಾಪುರ ಕಡೆ ದೊಡ್ಡ ಮನೆಯಲ್ಲಿ ಇಬ್ಬರೇ ಮುದುಕರು, ಮಕ್ಕಳು ಬೆಂಗಳೂರು, ಅದೇ ಚಿತ್ರ. ಅದರ ಬಗ್ಗೆ ಸಂಸತ್ತಿನಲ್ಲಿ ಬಾಯಿ ಬಿಟ್ಟವರು ಎಷ್ಟು ಜನ ಹೇಳಿ.

ಮತ್ತೆ ಈಗಿನ ಸುದ್ದಿ ಬೇಕಿದ್ದರೆ: 2024ರ ನವೆಂಬರ್ ಚುನಾವಣೆಯಲ್ಲೂ ಅಣ್ಣ ತಮ್ಮ ಇಬ್ಬರೂ ಗೆದ್ದರು. ಈ ಸಲ ಸೀಟು 174, ಎರಡು ದೊಡ್ಡ ಪಕ್ಷ ಸೇರಿ 86, ಬೇಕಿದ್ದದ್ದು 88. ಎರಡೇ ಕಡಿಮೆ! ಮೈಕಲ್ 2025ರ ಜನವರಿಯಲ್ಲಿ ಕೃಷಿ ಇಲಾಖೆಯಲ್ಲಿ ರಾಜ್ಯಮಂತ್ರಿ ಆದ, ಅರಣ್ಯ ಬೆಳೆಸುವ ಖಾತೆ. ಅಪ್ಪ ಮುಟ್ಟದ ಕುರ್ಚಿ ಮಗ ಮುಟ್ಟಿದ. ಟೋಪಿ ಮಾತ್ರ ಅದೇ ಥರದ್ದು, ಬಣ್ಣ ಕಪ್ಪು.

ಅಂಕೋಲೆ ಕರಿಇಷಾಡು

ನಾನು ಸುಮ್ನೆ ಓದಿಕೊಂಡು ಹೋಗುವವ, ಆದರೆ ಸಂಕದಾಚೆಯವರು 'ನಮ್ಮಲ್ಲಿ ಅಂಥವನೊಬ್ಬ ಹುಟ್ಟಿದರೆ' ಅಂದಿದ್ದಕ್ಕೆ ತಡೆಯಲಾಗಲಿಲ್ಲ. ತಮ್ಮಾ, ಹುಟ್ಟಿದ್ದರು. ನಮ್ಮ ಅಂಕೋಲೆಯ ದಿನಕರ ದೇಸಾಯಿ. ಚುಟುಕು ಬರೆದವರು ಅಂತ ಮಾತ್ರ ಶಾಲೆಯಲ್ಲಿ ಓದಿರುತ್ತೀರಿ. 1967ರಲ್ಲಿ ಪಕ್ಷೇತರರಾಗಿ ನಿಂತು ನಮ್ಮ ಜಿಲ್ಲೆಯಿಂದ ಲೋಕಸಭೆಗೆ ಗೆದ್ದು ಹೋದವರು ಅವರು. ದೊಡ್ಡ ಪಕ್ಷದ ಗಾಳಿ ಬೀಸುತ್ತಿದ್ದ ಕಾಲ ಅದು.

ಆದರೆ ಜಾಕಿಗೂ ಅವರಿಗೂ ಅಜಗಜಾಂತರ. ಅವರು ಗೇಣಿ ರೈತರನ್ನು ಕಟ್ಟಿದ್ದಕ್ಕೆ ಬ್ರಿಟಿಷ್ ಸರ್ಕಾರ ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಹೈಸ್ಕೂಲು ಮಾಡಿದರು. ನನ್ನ ಅಪ್ಪ ಹೊಳೆ ದಾಟಿ ಹೋಗಿ ಓದಿದ್ದು ಅಂಥ ಒಂದು ಶಾಲೆಯಲ್ಲಿ. ಸರ್ಕಾರದ ಕೈ ತಿರುಚಿ ತಂದದ್ದಲ್ಲ, ಜನರ ಹತ್ತಿರ ಬೇಡಿ ಮಾಡಿದ್ದು. ಲೋಕಸಭೆಯಲ್ಲಿ ಆಗ ಒಬ್ಬ ಪಕ್ಷೇತರನ ವೋಟಿನಿಂದ ಸರ್ಕಾರ ಬೀಳುವ ಸ್ಥಿತಿ ಇರಲಿಲ್ಲ, ಹಾಗಾಗಿ ಮಾಸ್ತರರ ಲೆಕ್ಕದ ತಕ್ಕಡಿ ಅವರ ಕೈಗೆ ಸಿಗಲೇ ಇಲ್ಲ ಅನ್ನಿ.

ಆಮೇಲೆ ಕೂಡ ಇಲ್ಲಿ ಪಕ್ಷೇತರರು ಗೆದ್ದಿಲ್ಲ ಅಂತಿಲ್ಲ. 2013ರಲ್ಲಿ ಕಾರವಾರ ಕ್ಷೇತ್ರದಲ್ಲೇ ಗೆದ್ದರು. ಗೆಲ್ಲುವುದು ಕಷ್ಟ, ಆದರೆ ಆಗದ ಮಾತಲ್ಲ. ಗೆದ್ದ ಮೇಲೆ ತಕ್ಕಡಿ ಸಮ ಇರಬೇಕು, ಅದು ನಮ್ಮ ಕೈಲಿಲ್ಲ.

ನನಗೆ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಜಾಕಿ ಕೇಳಿದ್ದು ರಸ್ತೆ, ಆಸ್ಪತ್ರೆ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಬೊಬ್ಬೆ ಹೊಡೆದು ಎಷ್ಟು ವರ್ಷ ಆಯ್ತು? 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಉಡುಪಿ ಕಡೆ ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲಿನಲ್ಲಿ ಪಲ್ಟಿಯಾಗಿ ಜನ ಸತ್ತಾಗ ಎಲ್ಲರ ಫೋನಿನಲ್ಲೂ ಅದೇ ಕೂಗು. ಹೃದಯ ಹಿಡಿದುಕೊಂಡರೆ ಇವತ್ತಿಗೂ ಮಣಿಪಾಲ, ಮಂಗಳೂರು, ಇಲ್ಲವೇ ಗೋವಾ, ಹುಬ್ಬಳ್ಳಿ. ನಮ್ಮ ಆರು ಜನ ಪಕ್ಷ ಯಾವುದೇ ಇರಲಿ, ಒಂದು ಸಲ ಒಟ್ಟಿಗೆ ಕೂತು 'ಇದಾಗದೆ ಬಜೆಟ್ಟಿಗೆ ಕೈ ಎತ್ತಲ್ಲ' ಅಂದಿದ್ದರೆ? ಅನ್ನಲಾಗದು. ಪಕ್ಷದ ವಿಪ್ ಮೀರಿದರೆ ಸೀಟೇ ಹೋಗುತ್ತದೆ, 1985ರ ಪಕ್ಷಾಂತರ ಕಾನೂನು. ಐರ್ಲೆಂಡಿನಲ್ಲಿ ಪಕ್ಷದ ಮಾತು ಮೀರಿದವನನ್ನು ಪಕ್ಷ ಹೊರಗೆ ಹಾಕಬಹುದು, ಸೀಟು ಕಿತ್ತುಕೊಳ್ಳಲು ಬರುವುದಿಲ್ಲ.

ಸಂಕದಾಚೆ (ಶಿರಸಿ)

ಎಲ್ಲರಿಗೂ ದೊಡ್ಡ ನಮಸ್ಕಾರ. ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಮಾಸ್ತರರ ಲೆಕ್ಕ ಎರಡು ಸಲ ಓದಿದೆ, ಗದ್ದೆ ನೀರಿನ ಹೋಲಿಕೆ ಬಂದಾಗಲೇ ತಲೆಗೆ ಹೋಗಿದ್ದು. ದಿನಕರ ದೇಸಾಯಿಯವರು ಪಕ್ಷೇತರ ಅಂತ ನನಗೆ ನಿಜಕ್ಕೂ ಗೊತ್ತಿರಲಿಲ್ಲ, ನಾಚಿಕೆ ಆಯ್ತು.

ಬಂದರಿನವರ ಮಾತು ಮಾತ್ರ ರಾತ್ರಿ ಎಲ್ಲ ಕೊರೆಯಿತು. ಯಾಕೆಂದರೆ ನಮ್ಮ ಹಳ್ಳದ ಕೆಳಗೆ ಒಂದೂವರೆ ಕಿಲೋಮೀಟರಿನಲ್ಲಿ ಇನ್ನೊಂದು ಕೇರಿ ಇದೆ, ಹನ್ನೆರಡು ಮನೆ, ಅವರಿಗೂ ಸಂಕ ಇಲ್ಲ. ನಮ್ಮದು ಮೊದಲು ಆಗಬೇಕು ಅಂತ ನಾವು, ಅವರದು ಅಂತ ಅವರು. ಹೋದ ವರ್ಷ ಒಬ್ಬರು ಪುಢಾರಿ 'ನಿಮ್ಮ ಕೇರಿಯ ವೋಟು ಎಷ್ಟು' ಅಂತ ನೇರ ಕೇಳಿದರು. ಹತ್ತೊಂಬತ್ತು ಅಂದೆ. ನಕ್ಕು ಕಾರು ಹತ್ತಿದರು. ಅವತ್ತು ಸಿಟ್ಟು ಬಂದಿತ್ತು. ಜಾಕಿ ನಮ್ಮೂರಿನವನಾಗಿದ್ದರೂ ಬಹುಶಃ ಅದೇ ಪ್ರಶ್ನೆ ಕೇಳುತ್ತಿದ್ದ, ನಗುತ್ತಿರಲಿಲ್ಲ ಅಷ್ಟೇ.

ತಂಗಿಗೆ ಇದನ್ನೆಲ್ಲ ಕಳಿಸಿದೆ. ಅವಳ ವಾರ್ಡಿನ ಅಜ್ಜಿಯೊಬ್ಬರಿಗೆ ಹೇಳಿದಳಂತೆ, ಇಂಡಿಯಾದಲ್ಲಿ ಜಾಕಿ ಬಗ್ಗೆ ಮಾತಾಡುತ್ತಿದ್ದಾರೆ ಅಂತ. ಅಜ್ಜಿ ಕೇಳಿದ್ದು ಒಂದೇ, 'ಅಲ್ಲಿ ರಸ್ತೆ ಹೇಗಿದೆ?'

ಮುಂದಿನ ವಾರ ಗ್ರಾಮಸಭೆ. ಈ ಸಲ ಕೆಳಗಿನ ಕೇರಿಯವರ ಹತ್ತಿರ ಮಾತಾಡಿದ್ದೇನೆ, ಎರಡೂ ಸಂಕಕ್ಕೆ ಒಂದೇ ಅರ್ಜಿ, ಹತ್ತೊಂಬತ್ತು ಮನೆಯ ಸಹಿ. ನಾಲ್ಕು ಝೆರಾಕ್ಸ್ ಮಾಡಿಸಿದ್ದೇನೆ.

ಲೆಕ್ಕದ ಮಾಸ್ತರು (ಹೊನ್ನಾವರ)

ನಾಲ್ಕು ಸಾಲದು, ಆರು ಮಾಡಿಸಿ. ಪಂಚಾಯ್ತಿಗೆ ಒಂದು, ತಾಲ್ಲೂಕು ಪಂಚಾಯ್ತಿಗೆ ಒಂದು, ತಹಶೀಲ್ದಾರರಿಗೆ ಒಂದು, ಶಾಸಕರಿಗೆ ಒಂದು, ಜಿಲ್ಲಾಧಿಕಾರಿಗೆ ಒಂದು. ಆರನೆಯದರ ಮೇಲೆ ತೆಗೆದುಕೊಂಡಿದ್ದಕ್ಕೆ ಸೀಲು, ತಾರೀಕು ಹಾಕಿಸಿ ಮನೆಯಲ್ಲಿಟ್ಟುಕೊಳ್ಳಿ. ಹಳ್ಳ ತುಂಬಿದ ದಿನದ ಫೋಟೋವೂ ಲಗತ್ತಿಸಿ, ಬೇಸಿಗೆಯದ್ದಲ್ಲ.

ಬೈತಖೋಲ್ ಬಂದರು (ಕಾರವಾರ)

ಒಂದು ಟೋಪಿಯನ್ನೂ ಹಾಕಿಕೊಂಡು ಹೋಗಿ. ನೀವೇ ಹಾಕಿಕೊಳ್ಳಿ, ಅವರಿಗೆ ಬಿಡಬೇಡಿ.